ಕೋಟೆ ಬಸ್ಸಿನ ಧಾಟಿ

ಅಪ್ಪ ಸಂಗೀತ ಕೊಟ್ಟ ಒಂದೇ ಒಂದು ಸಿನಿಮಾ ಕೆ.ಆರ್. ನಗರದ ಟಾಕೀಸಿಗೆ ಬಂದಾಗ ನಾವು ಮನೆಮಂದಿಯೆಲ್ಲ ಹುಣಸೂರಿನಿಂದ ಹೋಗಿ ಸಂಜೆಯ ಆಟಕ್ಕೆ ಕೂತೆವು. ಅಪ್ಪನಿಗೆ ಸಿಕ್ಕಿದ್ದು ಒಂದು ಹಾಡು, ಅದೂ ವಿರಾಮದ ನಂತರ. ನಾಯಕಿ ಕೆರೆ ಏರಿಯ ಮೇಲೆ ನಿಂತು ಬಾಯಿ ತೆರೆದಳು. ಮರುಕ್ಷಣ ಪರದೆಯ ಮೇಲೆ ನಾಯಕ ಪೊಲೀಸ್ ಠಾಣೆಯಲ್ಲಿ ಯಾರಿಗೋ ಒದೆಯುತ್ತಿದ್ದ.

ಅಪ್ಪ ಆಪರೇಟರನ ಕೋಣೆಗೆ ಓಡಿದರು. ನಾನೂ ಹಿಂದೆ ಹೋದೆ.

"ಲಾಸ್ಟ್ ಬಸ್ ತಪ್ಪೋಯ್ತದೆ ಅಂತ ಜನ ಗಲಾಟೆ ಮಾಡ್ತಾರೆ ಕಣ್ರೀ," ಎಂದ ಆತ, ಸುತ್ತುತ್ತಿದ್ದ ರೀಲಿನಿಂದ ಕಣ್ಣು ತೆಗೆಯದೆ. "ಅದುಕ್ಕೆ ಎಲ್ಲಾ ಪಿಚ್ಚರ್‌ನಲ್ಲೂ ಒಂದು ಆಡು ತೆಗ್ದುಬುಡ್ತೀವಿ. ಯಾವ್ದು ಇಲ್ದಿದ್ರೂ ಕತೆ ನಡೀತದೋ, ಅದನ್ನ."

ಆ ಸಿನಿಮಾ ನಮ್ಮ ಕಡೆಯ ಬೇರೆ ಯಾವ ಊರಿಗೂ ಬರಲಿಲ್ಲ. ಅಂದಿನಿಂದ ಅಪ್ಪನಿಗೆ ಬಸ್ಸುಗಳ ಮೇಲೆ ದ್ವೇಷ. ಅಷ್ಟು ದೂರದ ಪಿರಿಯಾಪಟ್ಟಣಕ್ಕೂ ಸೈಕಲ್ಲಿನಲ್ಲೇ ಹೋಗುತ್ತಿದ್ದರು. ದಾರಿಯಲ್ಲಿ ಬಸ್ಸು ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಅವರಿಗೆ ಇದ್ದದ್ದು ಒಂದೇ ಆಸೆ: ತಾವು ಕಟ್ಟಿದ ಒಂದು ಹಾಡನ್ನು, ತಮ್ಮ ಹೆಸರಿನ ಜೊತೆಗೆ, ತಮ್ಮ ಊರಿನವರು ಮೊದಲಿನಿಂದ ಕೊನೆಯವರೆಗೆ ಕೇಳಬೇಕು.

"ಬಚ್ಚಲಲ್ಲಿ ಹಾಡ್ಕಳಿ. ಅಲ್ಲಿ ಯಾರೂ ಕಟ್ ಮಾಡಲ್ಲ," ಎನ್ನುತ್ತಿದ್ದಳು ಅಮ್ಮ.

ಸಿನಿಮಾ ಕೈಕೊಟ್ಟರೂ ನಾಟಕ ಇತ್ತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ರೈತರು ಬಿಡುವಿನ ಕಾಲದಲ್ಲಿ ಪೌರಾಣಿಕ ನಾಟಕ ಕಲಿಯುತ್ತಾರೆ. ಅವರಿಗೆ ಹಾಡು ಕಲಿಸಿ, ಹೊಸ ಧಾಟಿ ಕಟ್ಟಿ, ಹಾರ್ಮೋನಿಯಂ ನುಡಿಸುವ ಡ್ರಾಮಾ ಮೇಷ್ಟ್ರು ನಮ್ಮಪ್ಪ. ತಮ್ಮನ್ನು ಸಂಗೀತ ನಿರ್ದೇಶಕ ಎಂದು ಕರೆದುಕೊಳ್ಳುತ್ತಿದ್ದವರು ಅವರೊಬ್ಬರೇ.

ನಾನು ದಿನವೂ ಬಸ್ಸಿನಲ್ಲಿ ಓಡಾಡಿಕೊಂಡು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ವರ್ಷ ಹತ್ತಿರದ ಹಳ್ಳಿ ಕಟ್ಟೆಮಳಲವಾಡಿಯವರು ನಾಟಕ ಹಿಡಿದರು. ತಾಲೀಮು ಒಂದು ಹೊಗೆಸೊಪ್ಪಿನ ಬ್ಯಾರನ್ನಿನೊಳಗೆ. ಎಲೆ ಬೇಯಿಸುವ ಕಾಲ ಮುಗಿದಿದ್ದರಿಂದ ಆ ಎತ್ತರದ ಕಟ್ಟಡ ಖಾಲಿ ಬಿದ್ದಿತ್ತು. ದನಿ ಚೆನ್ನಾಗಿ ಮೊಳಗುತ್ತಿತ್ತು. ಆದರೆ ಗೋಡೆಗೆ ಹತ್ತಿದ ಘಾಟಿಗೆ ದೇವತೆಗಳೂ ರಾಕ್ಷಸರೂ ಒಟ್ಟಿಗೆ ಸೀನುತ್ತಿದ್ದರು. ರಜೆಯ ದಿನಗಳಲ್ಲಿ ಶ್ರುತಿಪೆಟ್ಟಿಗೆ ಒತ್ತುವುದು ನನ್ನ ಪಾಲಿನ ಕೆಲಸ. ಅದರಲ್ಲಿ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ, ಹಾಗಾಗಿ ನನಗೆ ಇಷ್ಟವಾಗಿತ್ತು.

ಬೆಂಗಳೂರಿನ ಧಾರಾವಾಹಿ ನಿರ್ದೇಶಕರೊಬ್ಬರಿಗೆ ಅದೇ ಊರು ಹೆಂಡತಿಯ ತವರು. ಅವರು ಒಂದು ದಿನ ತಾಲೀಮಿಗೆ ಇಣುಕಿ ಅಪ್ಪನಿಗೆ ಹೇಳಿದರು: "ಮೇಷ್ಟ್ರೇ, ಬರೋ ಭಾನುವಾರ ಬೆಳಿಗ್ಗೆ ಮತ್ತೆ ಬರ್ತೀನಿ. ನಾನು ಎಲ್ಲೂ ಕೇಳದೇ ಇರೋ ಒಂದು ಧಾಟಿ ಕೇಳಿಸಿ. ಹಿಡಿಸಿದ್ರೆ ನನ್ನ ಸೀರಿಯಲ್ಲಿನ ಟೈಟಲ್ ಹಾಡು ನಿಮ್ದೇ."

ನಾಟಕದ ದೊಡ್ಡ ಹಾಡು ರಾಕ್ಷಸ ರಾಜನದು. ರಾಕ್ಷಸ ರಾಜನ ಪಾತ್ರ ಹಿಡಿದಿದ್ದವರು ಆ ಊರಿನವರೇ, ಹುಣಸೂರು ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕೂಗಿ ಹತ್ತಿಸುವ ಏಜೆಂಟರು. ಆಳ್ತನ ನೋಡಿದರೆ ಕಿರೀಟವೂ ಬೇಡ, ಹಾಗೇ ರಾಕ್ಷಸ. ದನಿ ಮಾತ್ರ ಹಾರ್ಮೋನಿಯಮ್ಮಿನ ಯಾವ ಮನೆಗೂ ಹೋಗದೆ ಬೀದಿಯಲ್ಲೇ ಅಲೆಯುತ್ತಿತ್ತು. ಹಾಗಂತ ಒಮ್ಮೆ ಕೊಟ್ಟ ಪಾತ್ರವನ್ನು ಕಿತ್ತುಕೊಳ್ಳುವ ಪದ್ಧತಿ ನಾಟಕದವರಲ್ಲಿ ಇಲ್ಲ.

"ಹೆಣ್ಣು ದನಿ ಕೇಳಿದ್ರೆ ಸ್ವರ ಹಿಡೀಬಹುದು. ನೀನು ಹೇಳಿಕೊಡು," ಎಂದರು ಅಪ್ಪ ನನಗೆ. ಬ್ಯಾರನ್ನಿನ ನಡುವೆ ಎದ್ದು ನಿಂತು, ಆ ಪರ್ವತದಂಥ ಮನುಷ್ಯನ ಎದುರು, ಮೂರು ಲೋಕವನ್ನೂ ಪುಡಿಪುಡಿ ಮಾಡುವುದಾಗಿ ಹಾಡಿದೆ. ಎಷ್ಟು ಮೆಲ್ಲಗೆಂದರೆ ಯಾವ ಲೋಕಕ್ಕೂ ಕೇಳಿಸಿರಲಾರದು. ಏಜೆಂಟರು ನಾಚಿಕೊಂಡು ಗೋಡೆ ನೋಡಿದರು. ನಾನು ಎದುರಿನ ಗೋಡೆ ನೋಡಿದೆ.

"ನನ್ ಗಂಟ್ಲು ಇಂಗೇ ಕಣವ್ವ," ಎಂದರು ಕೊನೆಗೆ. "ಬೇಜಾರ್ ಮಾಡ್ಕಬೇಡ."

"ಗಂಟ್ಲಲ್ಲ ಕಣ್ಲಾ ಅದು, ಪಂಚರ್ ಆಗಿರೋ ಟೈರು," ಎಂದ ದೇವತೆ. ರಾಕ್ಷಸನನ್ನು ಕೊಲ್ಲಬೇಕಾದ ದೇವರ ಪಾತ್ರದ ಈತ ಏಜೆಂಟರ ಪಕ್ಕದ ಹೊಲದವನು.

ಮರುದಿನ ಮೈಸೂರು ಬಸ್ಸಿಗೆ ಕಾಯುತ್ತಿದ್ದಾಗ ಅದೇ ಏಜೆಂಟರು ಕೋಟೆ ಬಸ್ಸಿಗೆ ಕೂಗುತ್ತಿದ್ದರು. "ಹ್ಯಾಂಡ್‌ಪೋಸ್ಟ್ ಕೋಟೆ, ಹ್ಯಾಂಡ್‌ಪೋಸ್ಟ್ ಕೋಟೆ, ಸರಗೂರು ಸರಗೂರೂ..." ದಾರಿಯ ಊರುಗಳ ಹೆಸರಷ್ಟೇ, ದಿನವೂ ಕೇಳುವ ಕೂಗು. ಅಂದು ಮಾತ್ರ ಲಕ್ಷ್ಯ ಕೊಟ್ಟು ಕೇಳಿದೆ. ಶುರು ಮಾಡಿದ ಸ್ವರಕ್ಕೇ ಪ್ರತಿ ಸಲವೂ ಕೂದಲೆಳೆಯಷ್ಟೂ ತಪ್ಪದೆ ಬಂದು ಇಳಿಯುತ್ತಿದ್ದರು. ಕೊನೆಯ ಎಳೆತದಲ್ಲಿ ಒಂದು ಸಣ್ಣ ಗಮಕವೂ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಇಷ್ಟೇ ಹೇಳಿದೆ: "ಅವರು ಕೂಗೋವಾಗ ಶ್ರುತಿ ತಪ್ಪಲ್ಲ."

ಅಪ್ಪ ಅನ್ನ ಕಲೆಸುವುದನ್ನು ನಿಲ್ಲಿಸಿದರು. ಬೆಳಿಗ್ಗೆ ಶ್ರುತಿಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು, ಎಷ್ಟೋ ಕಾಲದ ಮೇಲೆ ಬಸ್ ನಿಲ್ದಾಣದೊಳಗೆ ಕಾಲಿಟ್ಟರು. ಏಜೆಂಟರ ಬೆನ್ನ ಹಿಂದೆಯೇ ನಿಂತು, ಪೆಟ್ಟಿಗೆ ಒತ್ತುತ್ತ, ಕಣ್ಣು ಮುಚ್ಚಿ ಕೇಳಿದರು. ಒಬ್ಬಾಕೆ ಬಂದು, "ಯಾವ ದೇವಸ್ಥಾನದ ಚಂದಾ ಸ್ವಾಮಿ?" ಎಂದು ಕೈಮುಗಿದು ಕೇಳಿದಳು. ನಾನು ಕಂಬದ ಮರೆಗೆ ಸರಿದು ಪುಸ್ತಕ ತೆರೆದೆ.

ಅಪ್ಪ ಹಳೆಯ ಧಾಟಿಯನ್ನು ಎಸೆದರು. ಬಸ್ಸಿನ ಕೂಗನ್ನೇ ಇಟ್ಟುಕೊಂಡು ಅದರ ಮೇಲೆ ಮಾತು ಕೂರಿಸಿದರು: "ಕೇಳೋ ದೇವಾ, ಕೇಳೋ ದೇವಾ, ನಡುಗಯ್ಯ ನಡುಗಯ್ಯಾ..." ಏಜೆಂಟರ ಕೈಗೆ ಗದೆ ಕೊಟ್ಟು, "ಕಣ್ಮುಚ್ಕಳಿ. ಎದುರಿಗೆ ಬಸ್ ನಿಂತೈತೆ, ಖಾಲಿ ಐತೆ ಅನ್ಕಳಿ," ಎಂದರು. ಏಜೆಂಟರು ಕಣ್ಣು ಮುಚ್ಚಿ ಹಾಡಿದರು. ಬ್ಯಾರನ್ ಗುಂಯ್ ಎಂದಿತು. ದೇವತೆ ಸೀನುವುದನ್ನೂ ಮರೆತ.

ಭಾನುವಾರ ನಿರ್ದೇಶಕರು ಬಂದು ಮಡಚುವ ಕುರ್ಚಿಯಲ್ಲಿ ಕೂತರು. ಬೇರೆ ಹಾಡುಗಳಿಗೆಲ್ಲ ಆಕಳಿಸುತ್ತಿದ್ದವರು ರಾಕ್ಷಸ ಶುರು ಮಾಡುತ್ತಿದ್ದಂತೆ ಮುಂದಕ್ಕೆ ಬಾಗಿದರು. ಅಪ್ಪ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಏಜೆಂಟರು ಕಣ್ಣು ತೆರೆದು ನಿರ್ದೇಶಕರ ಮುಖ ನೋಡಿದರು. ತಪ್ಪಾದದ್ದು ಅಲ್ಲೇ. ಒಬ್ಬ ಮನುಷ್ಯ ತಮ್ಮ ಕೂಗಿಗೆ ಬಾಗಿ ಬರುತ್ತಿರುವುದನ್ನು ಕಂಡ ಖುಷಿಯಲ್ಲಿ ಅವರಿಗೆ ಮೈಮೇಲಿನ ಎಚ್ಚರವೇ ಉಳಿಯಲಿಲ್ಲ. ಎರಡನೆಯ ಸುತ್ತಿಗೆ ಗದೆಯಿಂದ ಗೋಡೆಗೆ ಪಟ್ಟಪಟ್ಟನೆ ಎರಡೇಟು ಬಿಗಿದು, ಹೊಟ್ಟೆಯಾಳದಿಂದ ಎತ್ತಿದರು:

"ಹ್ಯಾಂಡ್‌ಪೋಸ್ಟ್ ಕೋಟೆ, ಹ್ಯಾಂಡ್‌ಪೋಸ್ಟ್ ಕೋಟೆ, ಸರಗೂರು ಸರಗೂರೂ... ಸೀಟ್ ಐತೆ, ಸೀಟ್ ಐತೆ!"

ಅಪ್ಪನ ಮುಖದ ಬಣ್ಣ ಇಳಿಯಿತು. ಬೆರಳುಗಳು ಮಾತ್ರ ನಿಲ್ಲಲಿಲ್ಲ, ಅಭ್ಯಾಸಬಲ. ದೇವತೆ ಗತ್ತಿನಿಂದ ಎರಡು ಹೆಜ್ಜೆ ಮುಂದೆ ಬಂದು ಕೈ ಎತ್ತಿದ.

"ಎಲೈ ದುರುಳನೇ! ಕಿಟಕಿಯ ಪಕ್ಕದ ಸೀಟು ದೊರಕುವುದೇ?"

ನಿರ್ದೇಶಕರು ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದರು. ಎತ್ತಿ ಕೂರಿಸಿದ ಮೇಲೂ ನಗು ನಿಲ್ಲಲಿಲ್ಲ. ಅಪ್ಪ ಹಾರ್ಮೋನಿಯಮ್ಮಿನ ಬಾಯಿ ಮುಚ್ಚಿ, ಮನೆಗೆ ಹೊರಡುವವರ ಹಾಗೆ ಶಾಲು ಮಡಚತೊಡಗಿದರು. ಅಂದು ಟಾಕೀಸಿನಲ್ಲಿ ಆಪರೇಟರನ ಕೋಣೆಯಿಂದ ಇಳಿದು ಬರುವಾಗಲೂ ಅವರ ಮುಖ ಹೀಗೇ ಇತ್ತು.

"ಈ ಧಾಟಿ ಎಲ್ಲಿಂದ ತಂದ್ರಿ ಮೇಷ್ಟ್ರೇ?" ನಿರ್ದೇಶಕರು ಕಣ್ಣೊರೆಸಿಕೊಂಡು ಕೇಳಿದರು.

ಈ ಪ್ರಶ್ನೆಗೆ ಅಪ್ಪ ವಾರವಿಡೀ ಒಂದು ಉತ್ತರ ಸಿದ್ಧಪಡಿಸಿಕೊಂಡಿದ್ದರು. ಅದರಲ್ಲಿ ಎರಡು ರಾಗಗಳ ಹೆಸರೂ ಒಂದು ಗುರುಪರಂಪರೆಯೂ ಇದ್ದವು. ಏಜೆಂಟರು ಗದೆ ಊರಿಕೊಂಡು ಹಲ್ಲು ಬಿಟ್ಟು ನಿಂತಿದ್ದರು. ಇನ್ನು ಗುರುಪರಂಪರೆ ನಡೆಯುವಂತಿರಲಿಲ್ಲ.

"ಬಸ್ ಸ್ಟ್ಯಾಂಡಿಂದ," ಎಂದರು ಅಪ್ಪ.

"ಇದನ್ನ ನಿಧಾನ ಮಾಡಿ ನುಡಿಸಿ, ನೋಡೋಣ. ನನ್ನ ಸೀರಿಯಲ್ ಸ್ವಲ್ಪ ಅಳುಮುಂಜಿ."

ಅಪ್ಪ ಮತ್ತೆ ಕೂತು ಮೆಲ್ಲಗೆ, ಎಳೆದೆಳೆದು ನುಡಿಸಿದರು. ಏಜೆಂಟರು ಹೆಗಲ ಟವೆಲ್ಲಿನಿಂದ ಮೂಗು ಒರೆಸಿಕೊಂಡರು.

"ನನ್ ಬಸ್ಸು ಅಳ್ತಾ ಐತಲ್ಲಾ ಮೇಷ್ಟ್ರೇ!"

ಹಾಡು ಅಪ್ಪನಿಗೆ ಸಿಕ್ಕಿತು. ಬೆಂಗಳೂರಿಗೆ ಹೋಗಿ ರೆಕಾರ್ಡಿಂಗ್ ಮುಗಿಸಿ ಬಂದರು, ಬಸ್ಸಿನಲ್ಲೇ. ಆದರೆ ಪ್ರಸಾರದ ದಿನ ಹತ್ತಿರವಾದಂತೆ ಊಟ ಕಡಿಮೆಯಾಯಿತು. "ಟೀವಿಯೋರೂ ಟೈಮಿಲ್ಲ ಅಂತ ಕತ್ತರಿಸಿಬಿಟ್ರೆ?" ಎಂದು ಮಜ್ಜಿಗೆ ಲೋಟ ಹಿಡಿದು ಕೇಳುತ್ತಿದ್ದರು. ಸಂಜೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುವುದು ಖಚಿತವಾಗಿದ್ದರಿಂದ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋದೆವು. ಅಲ್ಲಿ ಜನರೇಟರ್ ಇತ್ತು, ಟೀವಿ ಬೀದಿಗೆ ಮುಖ ಮಾಡಿತ್ತು.

ಧಾರಾವಾಹಿ ಶುರುವಾಗುವ ಹೊತ್ತೇ ಕೋಟೆ ಬಸ್ಸು ಹೊರಡುವ ಹೊತ್ತು. ಬಸ್ಸು ತುಂಬಿ ಹೋಟೆಲಿನ ಮುಂದೆ ಗುರುಗುಡುತ್ತಿತ್ತು. ಏಜೆಂಟರು ಅದರ ಮೂತಿಗೆ ಅಡ್ಡವಾಗಿ ನಿಂತಿದ್ದರು. ಡ್ರೈವರ್ ಹಾರ್ನ್ ಒತ್ತಿದ.

"ಕೈ ತೆಗೀಲಾ! ಮೇಷ್ಟ್ರು ಆಡು ಬತ್ತಾ ಐತೆ!"

"ನಾವು ಊರು ಸೇರ್‌ಬೇಕೋ ಬ್ಯಾಡ್ವೋ?" ಕಿಟಕಿಯಿಂದ ಒಬ್ಬ ಮುದುಕಿ ಕೂಗಿದಳು.

"ನಿಮ್ಮೂರ್ ಆಡೇ ಕಣಜ್ಜಿ ಇದು. ಕೇಳು, ಅರ್ಧ ದಾರಿ ಇಲ್ಲೇ ಸವೀತದೆ."

ಹಾಡು ಶುರುವಾಯಿತು. ಬೆಂಗಳೂರಿನ ಯಾರೋ ಗಾಯಕಿ ತವರಿನ ನೆನಪಿನಲ್ಲಿ ನರಳುತ್ತಿದ್ದಳು. ಎರಡನೆಯ ಸಾಲಿಗೆ ಬಸ್ಸಿನೊಳಗೆ ಯಾರಿಗೋ ಗುರುತು ಹತ್ತಿತು. ಮೂರನೆಯ ಸಾಲಿಗೆ ಇಡೀ ಬಸ್ಸೇ ಗಾಯಕಿಯ ಜೊತೆ ದನಿಗೂಡಿಸಿ, "ಹ್ಯಾಂಡ್‌ಪೋಸ್ಟ್ ಕೋಟೆ," ಎಂದು ನರಳತೊಡಗಿತು. ಮುದುಕಿಯ ದನಿ ಎಲ್ಲರಿಗಿಂತ ಮೇಲಿತ್ತು. ಪರದೆಯ ಮೇಲೆ ಸಂಗೀತ ಎಂಬ ಪದ, ಅದರ ಕೆಳಗೆ ಅಪ್ಪನ ಹೆಸರು ಬಂತು. ಹೋಟೆಲಿನವರು ಸಾಂಬಾರಿನ ಸೌಟು ಹಿಡಿದುಕೊಂಡೇ ನಿಂತಿದ್ದರು. ಹಾಡು ಕೊನೆಯ ಸ್ವರದವರೆಗೂ ಬಂದು, ತಾನಾಗಿಯೇ ಮುಗಿಯಿತು. ಯಾರೂ ಕತ್ತರಿಸಲಿಲ್ಲ.

ಏಜೆಂಟರು ಬದಿಗೆ ಸರಿದು ಬಸ್ಸಿನ ಮೈಗೆ ಎರಡೇಟು ಹಾಕಿದರು. "ರೈಟ್, ರೈಟ್!"

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಪ್ಪ ಅದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನನ್ನತ್ತ ತಿರುಗಿ ಹೇಳಿದರು:

"ಇಂಜಿನ್ ಆಫ್ ಮಾಡಿಸಬೇಕಾಗಿತ್ತು. ಶ್ರುತಿ ಕೆಡಿಸಿಬಿಡ್ತು."