ಲೆಕ್ಕಕ್ಕೆ ಬಾರದ ಮುದ್ದೆ

ಮಗಳ ನಿಶ್ಚಿತಾರ್ಥದ ದಿನ ನಾನು ನೆಲದ ಮೇಲೆ ಕೂತೆ. ಕೂರುವುದೇನೋ ಸುಲಭವಾಗಿಯೇ ಆಯಿತು. ಏಳುವುದಾಗಲಿಲ್ಲ.

ಪಿರಿಯಾಪಟ್ಟಣದಿಂದ ಗಂಡಿನ ಕಡೆಯವರು ಹದಿನೈದಿಪ್ಪತ್ತು ಜನ ಬಂದಿದ್ದರು. ಹುಣಸೂರು ತಾಲ್ಲೂಕಿನ ನಮ್ಮ ಹಳ್ಳಿಮನೆಯ ನಡುಮನೆಯಲ್ಲಿ ಜಮಖಾನ ಹಾಸಿ, ಎದುರುಬದುರು ಕೂತು ತಾಂಬೂಲ ಬದಲಾಯಿಸಿಕೊಂಡೆವು. ಶಾಸ್ತ್ರ ಮುಗಿದು ಎಲ್ಲರೂ ಎದ್ದರು. ನಾನು ಒಂದು ಕೈ ನೆಲಕ್ಕೂರಿದೆ, ಆಮೇಲೆ ಎರಡೂ ಕೈ ಊರಿದೆ, ಮಂಡಿಯ ಮೇಲೆ ಬಂದು ಅಲ್ಲಿಗೇ ನಿಂತುಹೋದೆ. ಈ ಕಡೆಯಿಂದ ನನ್ನ ಓರಗಿತ್ತಿ, ಆ ಕಡೆಯಿಂದ ಆಗಷ್ಟೇ ಬೀಗಿತ್ತಿಯಾದವರು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಬಂದವರಲ್ಲಿ ಒಬ್ಬಾಕೆ ಸೆರಗನ್ನು ಬಾಯಿಗೊತ್ತಿಕೊಂಡಳು. ನಾನೂ ನಕ್ಕೆ. ಇಂಥ ಹೊತ್ತಿನಲ್ಲಿ ನಾವೇ ಮೊದಲು ನಕ್ಕುಬಿಡಬೇಕು ಅನ್ನುವುದನ್ನು ದಪ್ಪಗಿರುವವರು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ.

ಅವರೆಲ್ಲ ಹೊರಟಮೇಲೆ ಓರಗಿತ್ತಿ ಅಡುಗೆಮನೆಗೆ ಬಂದರು. ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಹತ್ತು ವರ್ಷ ದೊಡ್ಡವರು, ಹಂಚಿಕಡ್ಡಿಯ ಹಾಗಿದ್ದಾರೆ. ನಮ್ಮ ಮನೆತನದಲ್ಲಿ ಧಾರೆಯ ಹೊತ್ತಿಗೆ ಹೆಣ್ಣಿನ ತಂದೆತಾಯಿ ಮಣೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರಬೇಕು. ತಾಯಿ ಚೊಂಬಿನಿಂದ ನೀರು ಬಿಡುತ್ತಾಳೆ, ತಂದೆ ಅಳಿಯನ ಕಾಲು ತೊಳೆಯುತ್ತಾನೆ, ಕೂತಲ್ಲಿಂದಲೇ ಇಬ್ಬರೂ ಧಾರೆ ಎರೆದು ಏಳುತ್ತಾರೆ. ಆಗದವರ ಬದಲು ದೊಡ್ಡಪ್ಪ ದೊಡ್ಡಮ್ಮ ಕೂರುವುದೂ ಉಂಟು.

"ನಿನ್ ಕೈಲಾಗ್ದೇ ಇದ್ರೆ ನಾನೂ ನಿಮ್ ಭಾವನೂ ಕೂತ್ಕೊಂಡು ಎರ್ದುಕೊಡ್ತೀವಿ ಕಣಮ್ಮಿ," ಅಂದರು. "ನಿಂಗೆ ಪಕ್ಕದಲ್ಲೇ ಒಂದು ಕುರ್ಚಿ ಹಾಕ್ಸಾನ. ಆರಾಮಾಗಿ ನೋಡೀವಂತೆ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಒಂದು ಮಾತು ತಿರುಗಿಸಿ ಸುಮ್ಮನಾಗುತ್ತಿದ್ದೆ. ನನಗಿರುವುದು ಒಬ್ಬಳೇ ಮಗಳು. ಅವಳ ಧಾರೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುವುದು ನನ್ನಿಂದಾಗದು ಎಂದು ಅಲ್ಲೇ, ಒಲೆಯ ಮುಂದೆ ನಿಂತೇ ಗೊತ್ತಾಯಿತು. ಮದುವೆ ವೈಶಾಖಕ್ಕೆ. ಕೈಯಲ್ಲಿ ಆರು ತಿಂಗಳಿತ್ತು.

ನಾನು ಹುಟ್ಟಾ ದಪ್ಪ. ತವರು ಸಾಲಿಗ್ರಾಮದ ಹತ್ತಿರ. ಮೈಸೂರಿಗೆ ಹೋಗಲು ಕೆ.ಆರ್. ನಗರದ ರೈಲ್ವೆ ಸ್ಟೇಷನ್ನಿಗೆ ಬಂದಾಗಲೆಲ್ಲ ಅಪ್ಪ ನನ್ನನ್ನೂ ತಮ್ಮನನ್ನೂ ತೂಕದ ಯಂತ್ರ ಹತ್ತಿಸುತ್ತಿದ್ದರು. ಕಟಕಟ ಸದ್ದು ಮಾಡಿ ಅದು ಉದುರಿಸುವ ಚೀಟಿಯ ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ನಾನು ಭವಿಷ್ಯದ ಕಡೆಯನ್ನು ಮಾತ್ರ ಗಟ್ಟಿಯಾಗಿ ಓದುತ್ತಿದ್ದೆ. ವಿದೇಶ ಪ್ರಯಾಣವಿದೆ ಎಂದು ಎರಡು ಸಲ ಬಂದಿತ್ತು. ಮದುವೆಯಾಗಿ ಹುಣಸೂರಿಗೆ ಬಂದೆ.

ಇಲ್ಲಿ ಸರ್ಕಾರಿ ಶಾಲೆಯಲ್ಲಿ ಟೀಚರ್ ಕೆಲಸ. ತೊಂಬತ್ತರ ದಶಕ ಪೂರ್ತಿ ಒಂದಲ್ಲ ಒಂದು ಪ್ರಯೋಗದಲ್ಲೇ ಕಳೆಯಿತು. ಬೆಳಗಿನ ಬಿಸಿನೀರಿಗೆ ಜೇನುತುಪ್ಪ ನಿಂಬೆಹಣ್ಣು, ಬೂದುಗುಂಬಳದ ರಸ, ಹುರುಳಿ ಕಟ್ಟು, ಗುರುವಾರ ಉಪವಾಸ. ಗುರುವಾರ ಬಿಟ್ಟದ್ದು ಶುಕ್ರವಾರ ಸೇರುತ್ತಿತ್ತು. ಒಂದು ವರ್ಷ ವಾಕಿಂಗ್ ಕೂಡ ಹಿಡಿದೆ. ಕೆಲಸವಿಲ್ಲದೆ ಹೆಂಗಸೊಬ್ಬಳು ಸುಮ್ಮನೆ ನಡೆದು ಹೋಗಿಬರುವುದು ನಮ್ಮೂರಿಗೆ ಅರ್ಥವಾಗದ ಸಂಗತಿ. ಪ್ರತಿ ಜಗಲಿಯಿಂದಲೂ ಎಲ್ಲಿಗೆ ಟೀಚರಮ್ಮ ಎನ್ನುವರು, ಎಲ್ಲಿಗೂ ಇಲ್ಲ ಅಂದರೆ ಹಾಗಾದರೆ ಬನ್ನಿ ಎಂದು ಕರೆದು ಕಾಫಿ ಕೊಡುವರು. ಮೂರು ತಿಂಗಳು ನಡೆದು ಎರಡು ಕಿಲೋ ಏರಿದೆ. ಹೊಗೆಸೊಪ್ಪು ಬೆಳೆಯುವ ಮನೆಯಾದ್ದರಿಂದ ನಮ್ಮ ಹಜಾರದಲ್ಲಿ ಬೇಲು ತೂಗುವ ತಕ್ಕಡಿ ಇತ್ತು. ಗಂಡಸರು ಸೊಪ್ಪು ಬೇಯಿಸುವ ಬ್ಯಾರನ್ನಿನ ಹತ್ತಿರ ಇದ್ದಾಗ ನಾನು ಅದನ್ನು ಹತ್ತಿ ಇಳಿಯುತ್ತಿದ್ದೆ. ನಿಶ್ಚಿತಾರ್ಥದ ಮಾರನೆಯ ದಿನ ಅದು ತೊಂಬತ್ತೊಂದು ತೋರಿಸಿತು.

ಆ ವಾರವೇ ತಮ್ಮನನ್ನು ಹಿಡಿದುಕೊಂಡೆ. ಅವನು ಕೆ.ಆರ್. ನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಆಗ ಹೊಸದಾಗಿ ಎರಡು ಕಂಪ್ಯೂಟರ್ ಹಾಕಿ ಇಂಟರ್‌ನೆಟ್ಟನ್ನೂ ಶುರು ಮಾಡಿದ್ದ. ಅವನೂ ನನ್ನ ಅಚ್ಚಿನವನೇ. ಆದರೆ ನಿಶ್ಚಿತಾರ್ಥಕ್ಕೆ ಬಂದಾಗ ಅಂಗಿ ಜೋಲುತ್ತಿತ್ತು, ಬೆಲ್ಟಿಗೆ ಹೊಸದಾಗಿ ಮೊಳೆಯಲ್ಲಿ ತೂತು ಹೊಡೆದುಕೊಂಡಿದ್ದ. ಸಕ್ಕರೆ ಕಾಯಿಲೆಯೇನೋ ಎಂದು ನಾನು ಹೆದರಿದ್ದೆ. ಅದಲ್ಲವಂತೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಓದಿ ಓದಿ ಕೀಟೋ ಎನ್ನುವ ಪಥ್ಯ ಹಿಡಿದಿದ್ದನಂತೆ. ಅನ್ನ, ಸಿಹಿ ಎಲ್ಲ ಬಿಟ್ಟು ಬೆಣ್ಣೆ, ತುಪ್ಪ, ಮೊಟ್ಟೆ, ಬಾಡು, ಸೊಪ್ಪು ತಿನ್ನಬೇಕು. ಉರಿಸಲು ಬೇರೇನೂ ಸಿಗದೆ ದೇಹ ಕೊಬ್ಬನ್ನೇ ಉರಿಸುತ್ತದೆ ಎಂದು ವಿವರಿಸಿದ. ಕೊಬ್ಬು ತಿಂದು ಕೊಬ್ಬು ಕರಗಿಸುವುದು ಎಂಥದೋ ಎಂದು ನನಗೆ ಅನುಮಾನ. ಆದರೆ ಬೆಲ್ಟಿನ ತೂತು ಕಣ್ಣೆದುರಿಗಿತ್ತು. ಇಂಗ್ಲಿಷಿನ ಆರೇಳು ಹಾಳೆಗಳನ್ನು ಪ್ರಿಂಟ್ ತೆಗೆದು ಕೊಟ್ಟ. ಜೊತೆಗೆ ತನ್ನ ಕೈಯಾರೆ ಕನ್ನಡದಲ್ಲಿ ಒಂದು ಪಟ್ಟಿ: ಅನ್ನ, ಚಪಾತಿ, ಬ್ರೆಡ್ಡು, ಸಕ್ಕರೆ, ಬೆಲ್ಲ, ಆಲೂಗೆಡ್ಡೆ, ಬಾಳೆಹಣ್ಣು ಬಿಡಬೇಕು. ಡಾಕ್ಟರನ್ನು ಕೇಳದೆ ಶುರು ಮಾಡಬೇಡ ಎಂದೂ ಹೇಳಿದ. ಹುಣಸೂರಿನ ಡಾಕ್ಟರು ರಕ್ತ, ಬಿಪಿ ಎಲ್ಲ ನೋಡಿ, ಆರು ತಿಂಗಳ ಮಟ್ಟಿಗೆ ಮಾಡಿ, ಪ್ರತಿ ತಿಂಗಳೂ ಬಂದು ತೋರಿಸಿ ಅಂದರು.

ಪಟ್ಟಿಯನ್ನು ಅಡುಗೆಮನೆ ಬೀರುವಿನ ಬಾಗಿಲಿಗೆ ಅನ್ನದ ಅಗುಳಿನಲ್ಲೇ ಅಂಟಿಸಿದೆ. ಇನ್ನು ನನಗೆ ಅನ್ನದಿಂದ ಆಗುವ ಉಪಯೋಗ ಅಷ್ಟೇ ಎಂದು ಮಗಳಿಗೆ ಹೇಳಿದೆ.

ಒಂದು ತಿಂಗಳು ನಾನು ಒಂದಗುಳು ಅನ್ನ ಮುಟ್ಟಲಿಲ್ಲ. ಕಾಫಿಗೆ ಸಕ್ಕರೆ ಹಾಕಲಿಲ್ಲ. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬದ ಮೈಸೂರು ಪಾಕು ಬಂದರೆ ಪಕ್ಕದವರಿಗೆ ದಾಟಿಸಿದೆ. ತಿಂಗಳ ಕೊನೆಗೆ ತಕ್ಕಡಿ ಹತ್ತಿದೆ. ತೊಂಬತ್ತನಾಲ್ಕು. ಇಳಿದು, ತಕ್ಕಡಿಯನ್ನು ಒರೆಸಿ ಮತ್ತೆ ಹತ್ತಿದೆ. ಅಷ್ಟೇ ತೋರಿಸಿತು. ನನ್ನ ಮೈಗೆ ಯಾವುದೂ ಹಿಡಿಸುವುದಿಲ್ಲ, ಓರಗಿತ್ತಿಗೆ ಧಾರೆಯ ಸೀರೆ ತಂದುಕೊಡುವುದೊಂದೇ ಉಳಿದದ್ದು ಎಂದುಕೊಂಡೆ.

ಆ ಭಾನುವಾರ ತಮ್ಮ ಬಂದ. ಎಲ್ಲರಿಗೂ ಬಡಿಸಿ ನಾನೂ ಅವನ ಪಕ್ಕ ಕುರ್ಚಿ ಎಳೆದುಕೊಂಡೆ. ಅವನು ನನ್ನ ತಟ್ಟೆಯನ್ನೇ ನೋಡುತ್ತ ತಿನ್ನುವುದನ್ನು ನಿಲ್ಲಿಸಿದ.

"ಅಕ್ಕ, ಇದೇನಿದು?"

"ಮುದ್ದೆ ಕಣೋ."

"ಅದು ಕಾಣ್ತದೆ. ನಿನ್ ತಟ್ಟೇಲಿ ಯಾಕದೆ?"

"ಅನ್ನ ಬಿಟ್ಟಿದ್ದೀನಲ್ಲೋ. ಇನ್ನೇನ್ ತಿನ್ಲಿ?"

"ಯಾವಾಗಿಂದ ತಿಂತಿದ್ದೀಯ?"

"ಹಲ್ಲು ಬಂದಾಗಿಂದ."

ಅವನು ತಟ್ಟೆಯನ್ನು ಪಕ್ಕಕ್ಕಿಟ್ಟು, ದಿನಕ್ಕೆ ಎಷ್ಟು ಎಂದು ಕೇಳಿದ. ಹೊತ್ತಿಗೊಂದು ಅಂದೆ. ಆಮೇಲೆ ಯೋಚಿಸಿ, ಅನ್ನವಿಲ್ಲವಲ್ಲ ಅಂತ ಸ್ವಲ್ಪ ದೊಡ್ಡದಾಗಿಯೇ ಕಟ್ಟುತ್ತೇನೆ, ನೀನು ಹೇಳಿದೆಯಲ್ಲ ಅಂತ ಮೇಲೊಂದು ಉಂಡೆ ಬೆಣ್ಣೆ ಇಟ್ಟುಕೊಳ್ಳುತ್ತೇನೆ ಅಂದೆ. ಅವನು ತಲೆ ಚಚ್ಚಿಕೊಳ್ಳಲಿಲ್ಲ. ತಲೆ ಬಗ್ಗಿಸಿ, ಭುಜ ಕುಣಿಸುತ್ತ ನಗಲು ಶುರು ಮಾಡಿದ. ಕಣ್ಣಲ್ಲಿ ನೀರು ಬಂತು. ಅನ್ನದ ಹಾಗೆ ರಾಗಿಯೂ ಪಿಷ್ಟವೇ, ಅದನ್ನೂ ಬಿಡಬೇಕಿತ್ತು ಎಂದು ಆಮೇಲೆ ಹೇಳಿದ.

ನನ್ನ ದಡ್ಡತನ ಎನ್ನಬೇಡಿ. ಪಟ್ಟಿ ಬರೆದ ಅವನಿಗೂ ಮುದ್ದೆಯ ಹೆಸರು ನೆನಪಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಪಥ್ಯ ಎಂದರೆ ಅನ್ನ ಬಿಡುವುದು. ಸಕ್ಕರೆ ಕಾಯಿಲೆಯವರಿಗೆ, ಬಿಪಿಯವರಿಗೆ, ಮೈ ಬಂದವರಿಗೆ, ಎಲ್ಲರಿಗೂ ರಾಗಿ ತಿನ್ನಿ ಎನ್ನುವ ಬುದ್ಧಿಮಾತೇ. ಬಿಡಬೇಕಾದವುಗಳ ಲೆಕ್ಕದಲ್ಲಿ ರಾಗಿ ಬರುವುದೇ ಇಲ್ಲ. ಗಾಳಿ ನೀರನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲವಲ್ಲ, ಹಾಗೆ. ನಾವು ಮುದ್ದೆಗೆ ಹಿಟ್ಟು ಎನ್ನುತ್ತೇವೆ. ಊಟ ಆಯಿತೇ ಎಂದು ಕೇಳುವುದಕ್ಕೂ ಹಿಟ್ಟಾಯಿತೇ ಎಂದೇ ಕೇಳುತ್ತೇವೆ. ತಮ್ಮ ಜೇಬಿನಿಂದ ಪೆನ್ನು ತೆಗೆದು, ಬೀರುವಿನ ಮುಂದೆ ನಿಂತು, ಪಟ್ಟಿಯ ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ದೆ ಎಂದು ಬರೆದ. ಐದು ತಿಂಗಳಿತ್ತು.

ಮಾರನೆಯ ದಿನದಿಂದ ನಿಜವಾದ ಪಥ್ಯ ಶುರುವಾಯಿತು. ಮೊದಲ ವಾರ ತಲೆನೋವು, ಕಾಲಲ್ಲಿ ಬಲವಿಲ್ಲ, ಮಕ್ಕಳಿಗೆ ಮಗ್ಗಿ ಹೇಳಿಸುವಾಗ ಹನ್ನೆರಡೇಳು ಎಷ್ಟು ಎಂದು ನನಗೇ ಮರೆತುಹೋಯಿತು. ಉಪ್ಪು ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ ಸೊಪ್ಪು ಬೇಯಿಸಿದ ಉಪ್ಪುಸಾರಿನ ನೀರನ್ನು ಲೋಟದಲ್ಲಿ ಕುಡಿದೆ, ಸರಿಹೋಯಿತು. ಬೆಳಿಗ್ಗೆ ತುಪ್ಪದಲ್ಲಿ ಎರಡು ಮೊಟ್ಟೆ. ಮಧ್ಯಾಹ್ನದ ಡಬ್ಬಿಗೆ ತೆಂಗಿನಕಾಯಿ ತುರಿ ಹಾಕಿದ ಸೊಪ್ಪಿನ ಪಲ್ಯ. ಹೆಗ್ಗಡದೇವನಕೋಟೆಯಿಂದ ಬಸ್ಸಿನಲ್ಲಿ ಬರುವ ಸಹೋದ್ಯೋಗಿಯೊಬ್ಬರು ವಾರಕ್ಕೊಮ್ಮೆ ಕಬಿನಿ ಹಿನ್ನೀರಿನ ಮೀನು ತಂದುಕೊಡುತ್ತಿದ್ದರು. ಆ ದಿನ ಇಡೀ ಬಸ್ಸಿಗೆ ನನ್ನ ಪಥ್ಯದ ವಾಸನೆ ಗೊತ್ತಾಗುತ್ತಿತ್ತಂತೆ.

ಹಸಿವಿಗಿಂತ ಕಷ್ಟವಾದದ್ದು ಅತ್ತೆಯನ್ನು ಒಪ್ಪಿಸುವುದು. ಎಂಬತ್ತರ ಹತ್ತಿರದವರು, ಹಿಟ್ಟು ತಿನ್ನದವರು ಊಟ ಮಾಡಿದವರೇ ಅಲ್ಲ ಎಂದು ನಂಬಿದವರು. ನಾನು ಬಸ್ಸಾರನ್ನು ಬಟ್ಟಲಲ್ಲಿ ಹಾಕಿಕೊಂಡು ಚಮಚದಲ್ಲಿ ಕುಡಿಯುವುದನ್ನು ನೋಡಲಾರದೆ ಮುಖ ತಿರುಗಿಸಿ ಕೂರುತ್ತಿದ್ದರು.

"ಸೊಸೆಗೆ ಇಟ್ಟಿಕ್ಕಲ್ಲ ಅಂತ ಊರೋರು ನನ್ನೇ ಅನ್ನೋದು," ಎಂದು ಒಂದು ದಿನ ಕಣ್ಣೊರೆಸಿಕೊಂಡರು. "ಕಾಲ್ ತೊಳ್ಯಕೆ ಕೂರಾದಕ್ಕೂ ಇಟ್ಟಿಗೂ ಏನವ್ವ ಸಂಬಂಧ?"

ವಿವರಿಸಲು ಹೋದೆ. ದೇಹ, ಕೊಬ್ಬು, ಉರಿಯುವುದು ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಒಂದೇ ಒಂದು ಸಣ್ಣ ಮುದ್ದೆ ಹಾಕಲೇ ಅಂದರು.

ಮಾಘ ಮಾಸದಲ್ಲಿ ನೆಂಟರ ಮನೆಯ ಬೀಗರ ಔತಣಕ್ಕೆ ಹೋದೆವು. ಮದುವೆಯಾದ ಮೇಲೆ ಬೀಗರಿಗೆ ಹಾಕುವ ಬಾಡೂಟ. ನನ್ನ ಪಥ್ಯಕ್ಕೆ ಇದಕ್ಕಿಂತ ಒಳ್ಳೆಯ ಊಟ ಇನ್ನೊಂದಿಲ್ಲ ಎಂದು ಖುಷಿಯಿಂದಲೇ ಹೋದೆ. ಆದರೆ ಎಲೆಗೆ ಮೊದಲು ಬೀಳುವುದು ಮುದ್ದೆ. ಬಡಿಸುವವನು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಅವನು ನಿಂತ. ಎಡಬಲದವರು ತಿರುಗಿದರು. ನಮ್ಮಲ್ಲಿ ಔತಣದ ಎಲೆಯಲ್ಲಿ ಹಿಟ್ಟು ಬೇಡ ಎನ್ನುವುದು ಜಗಳಕ್ಕೆ ಬಂದವರು. ಲಗ್ನಪತ್ರಿಕೆ ಕೊಡುವಾಗ ಸರಿಯಾಗಿ ಕರೆಯಲಿಲ್ಲವೆಂದೋ, ಎಂದೋ ಆದ ಯಾವುದೋ ಮಾತಿಗೋ ಹೀಗೆ ಸೇಡು ತೀರಿಸಿಕೊಳ್ಳುವುದುಂಟು. ಒಂದು ನಿಮಿಷದಲ್ಲಿ ಮನೆಯ ಯಜಮಾನರೇ ಪಂಚೆ ಇಳಿಬಿಟ್ಟುಕೊಂಡು ಬಂದು ಕೈ ಮುಗಿದರು.

"ಏನಾರ ತಪ್ಪಾಗಿದ್ರೆ ಒಟ್ಟೆಗಾಕ್ಕೊಳಿ ಟೀಚರಮ್ಮ. ಎಲೆ ಮುಂದೆ ಬೇಡ."

ಕೀಟೋ ಎಂದು ಶುರು ಮಾಡಿದರೆ ಬೈಗುಳವೇನೋ ಎಂದುಕೊಳ್ಳುವ ಪರಿಸ್ಥಿತಿ. ಆಗ ನನ್ನ ಪಕ್ಕದ ಎಲೆಯಿಂದ ಅತ್ತೆ ತಲೆಯೆತ್ತಿದರು.

"ಅವಳು ಮಗಳ ಧಾರೆ ಎರಿಯೋಗಂಟ ಇಟ್ಟು ಬುಟ್ಟವ್ಳೆ ಕಣಪ್ಪ," ಅಂದರು. "ಬಲವಂತ ಮಾಡ್ಬೇಡಿ."

ಅಷ್ಟು ಸಾಕಾಯಿತು. ಯಜಮಾನರ ಮುಖ ತಿಳಿಯಾಯಿತು. ಹರಕೆ ಹೊತ್ತವರನ್ನು ಯಾರು ಬಲವಂತ ಮಾಡುತ್ತಾರೆ? ಅದನ್ನು ಮೊದಲೇ ಹೇಳಬಾರದಿತ್ತೇ ಎಂದು, ಮುದ್ದೆಯ ಜಾಗಕ್ಕೆ ಇನ್ನೆರಡು ಸೌಟು ಬಾಡು ಹಾಕಿಸಿದರು. ಬಸ್ಸಿನಲ್ಲಿ ಅತ್ತೆಯನ್ನು, ಯಾವ ದೇವರಿಗೆ ಹರಕೆ ಅಂತ ಕೇಳಿದರೆ ಏನು ಹೇಳಲಿ ಎಂದು ಕೇಳಿದೆ. ನಾನೆಲ್ಲಿ ದೇವರ ಹೆಸರು ಎತ್ತಿದೆ, ಬುಟ್ಟವ್ಳೆ ಅಂದೆ, ಬುಟ್ಟಿಲ್ವಾ ಎಂದರು. ಆ ಮಾತು ನಮಗಿಂತ ಮೊದಲೇ ಊರು ಸೇರಿತ್ತು. ಆಮೇಲೆ ಯಾವ ಮನೆಯಲ್ಲೂ ಯಾರೂ ನನಗೆ ಹಿಟ್ಟು, ಅನ್ನ, ಪಾಯಸ ಯಾವುದನ್ನೂ ಒತ್ತಾಯ ಮಾಡಲಿಲ್ಲ. ಇಷ್ಟು ವರ್ಷದ ವಾಕಿಂಗು, ಜೇನುತುಪ್ಪಗಳಿಗೆ ಇಲ್ಲದ ಬೆಂಬಲ ಇಡೀ ಊರಿನಿಂದ ಸಿಕ್ಕಿತು.

ಅತ್ತೆಯೂ ತಾವೇ ಆಡಿದ ಮಾತಿಗೆ ಕಟ್ಟುಬಿದ್ದರು. ದಿನಾ ಸಂಜೆ ಜಗಲಿಯ ಮೇಲೆ ಕೂತು ನನಗೆ ಕೂತೇಳುವುದನ್ನು ಕಲಿಸತೊಡಗಿದರು. ಮೊದಲು ಹಾಲು ಕರೆಯುವಾಗ ಕೂರುವ ಗಿಡ್ಡ ಮುಕ್ಕಾಲಿಯ ಮೇಲೆ, ಒಂದು ತಿಂಗಳಾದ ಮೇಲೆ ಈಳಿಗೆಮಣೆಯ ಮೇಲೆ. ಎಂಟು ವರ್ಷದಿಂದ ಅಡುಗೆಕಟ್ಟೆಯ ಮುಂದೆ ನಿಂತೇ ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಯ ಮುಂದೆ ಕೂತು ಕುಂಬಳಕಾಯಿ ಸೀಳಿದ ದಿನ ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಯುಗಾದಿ ಕಳೆದ ಮೇಲೆ ಬರೀ ನೆಲ. ಕಂಬ ಹಿಡಿದು ಏಳುತ್ತಿದ್ದೆ. ಕಲ್ಯಾಣಮಂಟಪದಲ್ಲಿ ಕಂಬ ಎಲ್ಲಿರುತ್ತದೆ ಎಂದು ಅತ್ತೆ ಗದರಿದರು. ಕಂಬ ಬಿಟ್ಟೆ. ಮದುವೆಗೆ ವಾರವಿರುವಾಗ ತಕ್ಕಡಿ ಎಪ್ಪತ್ತೇಳಕ್ಕೆ ನಿಂತಿತು. ಆಮೇಲಿನ ವರ್ಷಗಳಲ್ಲಿ ಅರ್ಧ ವಾಪಸು ಬಂದಿದೆ, ಸುಳ್ಳೇಕೆ ಹೇಳಲಿ. ಅದು ಬಂದಾಗ ಅಷ್ಟಿಷ್ಟು ಕಾಲ ಮತ್ತೆ ಹಿಟ್ಟು ಬಿಡುತ್ತೇನೆ.

ಧಾರೆಯ ದಿನ ಹುಣಸೂರಿನ ಛತ್ರದಲ್ಲಿ ಸೆಖೆ. ಪುರೋಹಿತರು ಕರೆದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮಂತ್ರದ ಉದ್ದವನ್ನು ನಾವು ಲೆಕ್ಕ ಹಾಕಿರಲಿಲ್ಲ. ಅವರು ಗೋತ್ರ, ಮುತ್ತಜ್ಜ, ಅವನಪ್ಪ ಎಂದು ಹೇಳುತ್ತಾ ಹೋದರು. ತೊಡೆ ನಡುಗಲು ಶುರುವಾಯಿತು. ನಾನು ಚೊಂಬಿನ ನೀರಿನ ಎಳೆಯನ್ನೇ ನೋಡುತ್ತ ಬಿಟ್ಟೆ, ನನ್ನವರು ಅಳಿಯನ ಕಾಲು ತೊಳೆದರು. ಆಮೇಲೆ ಮಗಳ ಕೈ, ಅಳಿಯನ ಕೈ, ನಡುವೆ ತೆಂಗಿನಕಾಯಿ. ಹಾಲು ಎರೆದೆವು. ಮಗಳ ಬೆರಳ ಸಂದಿಯಿಂದ ಇಳಿದ ಹಾಲು ನನ್ನ ಕೈಮೇಲೂ ಬಿತ್ತು, ತಣ್ಣಗಿತ್ತು.

ಏಳಿ ಅಂದರು ಪುರೋಹಿತರು.

ನನ್ನವರು ಎದ್ದರು, ಹಾಗೇ ತೂರಾಡಿ ಮತ್ತೆ ಕೂತರು. ಎರಡು ಕಾಲೂ ಜೋಮು ಹಿಡಿದಿತ್ತಂತೆ. ತಮ್ಮ ಓಡಿಬಂದು ಅವರನ್ನು ಹಿಡಿದುಕೊಂಡ. ನನ್ನ ಹಿಂದೆ ಓರಗಿತ್ತಿ ಬಗ್ಗಿದ್ದರು. ಕಂಕುಳಿಗೆ ಕೊಡಲು ಕೈ ಚಾಚಿಯೇ ಇದ್ದರು, ಬಳೆಯ ಸದ್ದು ನನ್ನ ಕಿವಿಯ ಹತ್ತಿರವೇ ಕೇಳುತ್ತಿತ್ತು. ನಾನು ತಿರುಗಿ, ಆ ಕೈಗೆ ಚೊಂಬು ಕೊಟ್ಟೆ. ಆಮೇಲೆ ನನ್ನ ಮಂಡಿಯ ಮೇಲೆ ನನ್ನ ಕೈ ಊರಿ ಎದ್ದೆ.