ಸುಶೀಲತ್ತೆಯ ಭೂತಗನ್ನಡಿ

ಒಂದು ಪ್ರತಿ ಮಾಡಿಸಲು ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಒಳಗಿನಿಂದ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಯಾರದೋ ಲ್ಯಾಮಿನೇಷನ್ ನಡೆದಿತ್ತು. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ, ನನಗಂತೂ ಸುಶೀಲತ್ತೆ ನೆನಪಾಗುತ್ತಾಳೆ.

ಗಣಿಯ ಭರಾಟೆಯ ದಿನಗಳವು. ಹೊಸಪೇಟೆಯಲ್ಲಿ ಅದಿರಿನ ಲಾರಿಗಳು ಹೋದದ್ದೇ ಹೋದದ್ದು, ಮನೆಯೊಳಗೆ ಕೆಂಪು ಧೂಳು ಕೂತದ್ದೇ ಕೂತದ್ದು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. ಸನ್ಯಾಸ ಇಷ್ಟು ಸುಲಭವಾಗಿ ಬೇರೆಲ್ಲೂ ಸಿಗಲಿಕ್ಕಿಲ್ಲ. ಧೂಳಿಗೆ ಹೆದರಿ ಮಂದಿ ಕಂಡ ಕಾಗದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಿದರು. ರೇಷನ್ ಕಾರ್ಡು, ಜಾತಕ, ದೇವರ ಪಟ ಯಾವುದನ್ನೂ ಬಿಡಲಿಲ್ಲ. ನಾನು ನಮ್ಮ ಲಗ್ನಪತ್ರಿಕೆಗೂ ಹೊದಿಸಿ ತಂದೆ. ಇನ್ನು ಇದನ್ನು ಹರಿಯುವ ಆಸೆಯೂ ಹೋಯಿತು ಎಂದಳು ಹೆಂಡತಿ.

ಸುಶೀಲತ್ತೆ ನನ್ನ ತಂದೆಯ ತಂಗಿ. ದೂರದ ಊರಿನ ಸರ್ಕಾರಿ ಮುದ್ರಣಾಲಯದಲ್ಲಿ ಛಾಪಾ ಕಾಗದ, ಬಾಂಡುಗಳನ್ನು ಪರೀಕ್ಷಿಸುವ ಕೆಲಸ ಮಾಡಿ, ನಿವೃತ್ತಳಾಗಿ ನಮ್ಮ ಮನೆಗೆ ಬಂದಿದ್ದಳು. ಮಹಾ ಮಡಿವಂತೆ. ಆದರೆ ಕಾಗದ ಮಾತ್ರ ಯಾರು ಕೊಟ್ಟರೂ ಮುಟ್ಟುವಳು. ಮದುವೆಗೆ ಕರೆಯಲು ಬಂದವರ ಪತ್ರಿಕೆಯನ್ನು ಮೊದಲು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ, ಆಮೇಲೆ ಮುಹೂರ್ತ ಕೇಳುವಳು.

ನಾನಾಗ ಸಂಡೂರಿನ ಗಣಿ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲಿ ಅದಿರು ಪರೀಕ್ಷಿಸುವ ಲ್ಯಾಬಿಗೆ ಹುಲಿಗೆಮ್ಮ ಆಯ್ಕೆಯಾಗಿದ್ದಳು. ನಮ್ಮ ಮನೆಗೆ ಹಾಲು ಹಾಕುತ್ತಿದ್ದ ಈರಣ್ಣನ ಮಗಳು, ಡಿಪ್ಲೊಮಾ ಓದಿದ ಹುಡುಗಿ. ಖೊಟ್ಟಿ ಮಾರ್ಕ್ಸ್ ಕಾರ್ಡು ಹಿಡಿದು ಬರುವವರೂ ಆಗ ಕಡಿಮೆಯೇನಿರಲಿಲ್ಲ. ಮ್ಯಾನೇಜರು ಅವಳ ಕಾರ್ಡಿನ ಮೇಲೆ ಖೋಟಾ ನೋಟು ಹಿಡಿಯುವ ನೀಲಿ ದೀಪ ಬಿಟ್ಟರು. ಹೊಳೆಯಬೇಕಾದ ಮುದ್ರೆ ಹೊಳೆಯಲಿಲ್ಲ. ಖೊಟ್ಟಿ ಎಂದುಬಿಟ್ಟರು. ಪರೀಕ್ಷಾ ಬೋರ್ಡಿಗೆ ಬರೆದು ಉತ್ತರ ಬರುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇಂಥ ಮಾತು ಒಮ್ಮೆ ಬಿದ್ದಮೇಲೆ ಯಾವ ಕಂಪನಿ ಅವಳನ್ನು ಕರೆದೀತು?

ಸಂಜೆ ಅಪ್ಪ ಮಗಳು ನಮ್ಮ ಮನೆಗೆ ಬಂದರು. ಹುಡುಗಿ ಅಳಲಿಲ್ಲ, ಸಿಟ್ಟಿನಲ್ಲಿದ್ದಳು. “ಈ ಕಾರ್ಡು ಸುಳ್ಳಾದ್ರ ನಾ ಓದಿದ್ದೂ ಸುಳ್ಳೇನ್ರಿ ಅಮ್ಮಾರ?” ಎಂದು ಅತ್ತೆಯನ್ನೇ ಕೇಳಿದಳು.

ಅತ್ತೆ ಕಾರ್ಡು ತಿರುಗಿಸಿ ನೋಡಿ, ಯಾವ ಪುಣ್ಯಾತ್ಮ ಇದಕ್ಕೆ ಅಂಗಿ ಹೊಲಿಸಿದ ಎಂದು ಕೇಳಿದಳು. ಈರಣ್ಣ ತಲೆ ತಗ್ಗಿಸಿದ. ದೀಪದ ಬೆಳಕನ್ನು ಈ ಪ್ಲಾಸ್ಟಿಕ್ಕೇ ನುಂಗಿದೆ, ಅಕ್ಷರ ಸವರಿ ನೋಡಲೂ ಬರುವುದಿಲ್ಲ ಎಂದಳು. ಕಿತ್ತುಬಿಡೋಣ ಎಂದು ನಾನು ಜಾಣತನ ತೋರಿಸಿದೆ. ಮಸಿಯೂ ಕಿತ್ತು ಬರುತ್ತದೆ ದಡ್ಡಾ, ಎಂದು ಕೈಮೇಲೆ ಹೊಡೆದಳು.

ಭೂತಗನ್ನಡಿ ಹಿಡಿದು ಕಿಟಕಿಯ ಬಳಿ ಕುಳಿತವಳು ಕಾಫಿ ಆರಿದರೂ ಏಳಲಿಲ್ಲ. ಅಂಚಿನ ಗೆರೆಯನ್ನು ನಮಗೂ ತೋರಿಸಿದಳು. ಅದು ಗೆರೆಯೇ ಅಲ್ಲ. ಸಾಸಿವೆಗಿಂತ ಸಣ್ಣ ಅಕ್ಷರಗಳ ಸಾಲು! ಬಣ್ಣದ ಜೆರಾಕ್ಸಿನಲ್ಲಿ ಅದು ಬರೀ ಚುಕ್ಕಿಯಾಗಿ ಕಲಸಿಹೋಗುತ್ತದಂತೆ. ಆಮೇಲೆ ಹಿಂಬದಿ ತಿರುಗಿಸಿದಳು, ಮುಖ ಅರಳಿತು. ಕಾರ್ಡಿನ ನಂಬರಿನ ಹಿಂದೆ ಅದೇ ಅಂಕಿಗಳು ತಿರುವುಮುರುವಾಗಿ, ತೆಳ್ಳಗೆ ಕೆಂಪಾಗಿ ಮೂಡಿದ್ದವು. ನಂಬರನ್ನು ಲೋಹದ ಅಚ್ಚಿನಿಂದ ಒತ್ತುತ್ತಾರೆ, ಹಿಂದೆ ಕಾಗದ ಉಬ್ಬುತ್ತದೆ, ಜೆರಾಕ್ಸ್ ಮಾಡಿದ ಖೊಟ್ಟಿ ಕಾರ್ಡಿಗೆ ಈ ಉಬ್ಬು ಬರುವುದಿಲ್ಲ. ಪ್ಲಾಸ್ಟಿಕ್ ಹೊದಿಸುವ ಮೊದಲು ಪೆಟ್ಟಿಗೆಯಲ್ಲಿದ್ದಾಗ, ಬಟ್ಟೆಗೆ ಉಜ್ಜಿ ಉಜ್ಜಿ ಆ ಉಬ್ಬಿಗೆ ನಮ್ಮೂರಿನ ಧೂಳು ಹತ್ತಿತ್ತು. ಇದನ್ನು ಕಂಡುಹಿಡಿದ ಅತ್ತೆಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಎಂಥ ಕಣ್ಣು, ಎಂಥ ತಾಳ್ಮೆ!

ಮರುದಿನ ನಮ್ಮೊಡನೆ ತಾನೇ ಸಂಡೂರಿನ ಬಸ್ಸು ಹತ್ತಿದಳು. ಮ್ಯಾನೇಜರ ಕೈಗೆ ಭೂತಗನ್ನಡಿ ಕೊಟ್ಟು, “ನಿನ್ನೆ ನೀವು ಪ್ಲಾಸ್ಟಿಕ್ ನೋಡೀರಿ ಸಾಹೇಬರ. ಇವತ್ತ ಕಾಗದ ನೋಡ್ರಿ” ಎಂದಳು. ಒಳ್ಳೆಯ ಮನುಷ್ಯ, ಕಾರ್ಡಿನ ಎರಡೂ ಬದಿ ನೋಡಿ, ಎದ್ದು ನಿಂತು ಹುಲಿಗೆಮ್ಮನಲ್ಲಿ ತಪ್ಪಾಯಿತೆಂದು ಕೇಳಿಕೊಂಡರು. ಅವತ್ತೇ ಕೆಲಸಕ್ಕೆ ಸೇರಿಸಿಕೊಂಡರು.

ಹೊರಗೆ ಬಂದು ಹುಡುಗಿ ಕಾಲಿಗೆ ಬಾಗಿದಳು. ಅತ್ತೆ ಹಿಡಿದೆಬ್ಬಿಸಿದಳು. “ನನ್ನ ಕಾಲಿಗ್ಯಾಕ? ಓದಿದಾಕಿ ನೀನು. ನಾ ಬರೇ ನೋಡಿದಾಕಿ.”

“ಇದಕ್ಕೂ ಹೊದಿಸ್ಲೇನ್ರಿ?” ಎಂದು ಜೆರಾಕ್ಸ್ ಅಂಗಡಿಯವನು ಪ್ರತಿ ಕೊಡುತ್ತ ಕೇಳಿದ. ಬ್ಯಾಡಪ್ಪ ಎಂದೆ. ಕೈಯಲ್ಲಿದ್ದದ್ದು ನನ್ನ ಮಗಳ ಮಾರ್ಕ್ಸ್ ಕಾರ್ಡು. ಅಂಕ ಕಡಿಮೆಯೆಂದು ಬೆಳಿಗ್ಗೆಯಷ್ಟೇ ಅವಳ ಮೇಲೆ ರೇಗಿದ್ದೆ. ಬಂದಿರುವ ಅಂಕವೆಲ್ಲ ಅವಳು ಓದಿಯೇ ಗಳಿಸಿದ್ದು. ಹಾಗಂತ ಅವಳಿಗೆ ಹೇಳಿಬಿಡಬೇಕೆಂದು ಬೇಗ ಬೇಗ ಮನೆಯ ಕಡೆ ಹೆಜ್ಜೆ ಹಾಕಿದೆ.