ಅತ್ತಿಗೆಯ ಏಳು ಹ್ಯಾಂಗರ್

ಪೈಪಿನಂಗಡಿಯ ಯಜಮಾನರು ಹುಡುಗಿಯರ ನೆಟ್‌ಬಾಲ್ ತಂಡಕ್ಕೆ ದಾನವಾಗಿ ಕೊಟ್ಟಿದ್ದ ಎರಡು ಚೆಂಡುಗಳನ್ನು ನಮ್ಮತ್ತಿಗೆ ವಾಪಸ್ ಒಯ್ದು ಅವರ ಕೌಂಟರಿನ ಮೇಲೆಯೇ ಇಟ್ಟು ಬಂದ ದಿನ, ನಮ್ಮ ಮನೆಯವರಿಗೆಲ್ಲ ಸೊಕ್ಕಿನವರು ಅನ್ನುವ ಹೆಸರು ಬಂತು. ಬರಲಿ ಬಿಡಿ. ಚೆಂಡಿನ ಜತೆಗೆ ಅವರು ಒಂದು ಮಾತನ್ನೂ ದಾನ ಮಾಡಿದ್ದರು. "ನೋಡಿ, ಯಾವಾಗ್ಲೂ ನಮ್ಮ ಹುಡುಗೀನೇ ಗೋಲ್ ಹಾಕ್ಬೇಕು. ಇಲ್ಲಾಂದ್ರೆ ನಾನ್ಯಾಕೆ ಚೆಂಡು ಕೊಡಿಸ್ಲಿ?" ಅಂದಿದ್ದರು. ಅತ್ತಿಗೆ ಆ ಚೆಂಡುಗಳನ್ನು ತೊಳೆದು, ಒರೆಸಿ, ಲಾಂಡ್ರಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಿರಾಕಿಗಳ ಬಟ್ಟೆಗೆ ಹಚ್ಚುವ ಹಾಗೆ ಚೀಟಿಯನ್ನೂ ಹಚ್ಚಿ ಕೊಟ್ಟರು. ನಾನು ಅವರ ನಾದಿನಿ, ಪಕ್ಕದಲ್ಲೇ ಇದ್ದೆ. ನಗು ತಡೆಯಲಾಗದೆ ಬೀದಿಗೆ ಬಂದು ನಿಂತೆ.

ಅತ್ತಿಗೆಯದು ಲಾಂಡ್ರಿ ಅಂಗಡಿ. ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರಗಳು, ನಡುವೆ ಇಸ್ತ್ರಿ ಮೇಜು, ಮುಂದೆ ಕೌಂಟರು. ಇಡೀ ದಿನ ಆವಿಯಲ್ಲಿ ನಿಂತು ಅವರ ಮುಖ ಕೆಂಪಗಿರುತ್ತದೆ. ಕೋಪಕ್ಕೂ ಅದೇ ಬಣ್ಣವಾದ್ದರಿಂದ, ಯಾವುದು ಯಾವುದೆಂದು ಗಿರಾಕಿಗಳಿಗೆ ತಿಳಿಯುವುದಿಲ್ಲ. ನಮ್ಮಣ್ಣ ವ್ಯಾನಿನಲ್ಲಿ ಮನೆಮನೆಗೆ ಬಟ್ಟೆ ಮುಟ್ಟಿಸುತ್ತಾನೆ, ನಾನು ಚೀಟಿ ಬರೆಯುತ್ತೇನೆ, ನಮ್ಮಮ್ಮ ಗುಂಡಿ ಹೊಲಿಯುತ್ತಾ ಎಲ್ಲರಿಗೂ ಬುದ್ಧಿ ಹೇಳುತ್ತಾಳೆ. ಅಣ್ಣನ ಮಗಳನ್ನು ನಾವೆಲ್ಲ ಏಣಿ ಅನ್ನುತ್ತೇವೆ. ಆ ಹುಡುಗಿಯ ಉದ್ದ ಹಾಗಿದೆ.

ಏಣಿಯ ಶಾಲೆಯಲ್ಲಿ ನೆಟ್‌ಬಾಲ್ ಆಡಿಸುತ್ತಿದ್ದ ಮೇಷ್ಟ್ರು ಬೇರೆ ಕೆಲಸ ಸಿಕ್ಕಿ ಹೊರಟುಹೋದಾಗ, ಏಳು ಹುಡುಗಿಯರು ನಡುನೀರಿನಲ್ಲಿ ನಿಂತರು. ಏಣಿ ಅಳುತ್ತಾ ಮನೆಗೆ ಬಂದಳು. "ಅಳೋದು ಆಮೇಲೆ. ಶೂ ಹಾಕ್ಕೋ, ನಡಿ," ಅಂದರು ಅತ್ತಿಗೆ. ಅವರೂ ಹುಡುಗಿಯಾಗಿದ್ದಾಗ ಆಡಿದವರೇ ಅನ್ನುವುದು ನಮಗೆ ಅವತ್ತೇ ಗೊತ್ತಾದದ್ದು. ಅವತ್ತಿನಿಂದ ತಂಡವನ್ನು ಆಡಿಸುವವರು ಅವರೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಆಟದಲ್ಲಿ ಏಳು ಜನ, ಏಳು ಜಾಗ. ಯಾರ ಜಾಗ ಯಾವುದೆಂದು ಎದೆ ಮತ್ತು ಬೆನ್ನಿನ ಮೇಲಿನ ಅಕ್ಷರ ಹೇಳುತ್ತದೆ. ಆ ಅಕ್ಷರವಿರುವ ತೋಳಿಲ್ಲದ ಮೇಲಂಗಿಗೆ ಬಿಬ್ ಅನ್ನುತ್ತಾರೆ. ಕಂಬದ ಮೇಲಿನ ರಿಂಗಿಗೆ ಚೆಂಡು ಹಾಕುವ ಹಕ್ಕು ಇಬ್ಬರಿಗೆ ಮಾತ್ರ, ಅದರಲ್ಲೂ ಮುಖ್ಯ ಶೂಟರ್ ಒಬ್ಬಳೇ. ಉಳಿದವರು ಓಡಬೇಕು, ಹಿಡಿಯಬೇಕು, ತಡೆಯಬೇಕು, ಚಪ್ಪಾಳೆ ಶೂಟರ್‌ಗೆ. ಅತ್ತಿಗೆ ಉದ್ದವಿದ್ದರು ಅಂತ ಅವರನ್ನು ಕೊನೆಯವರೆಗೂ ಗೋಲ್ ಕೀಪರ್ ಮಾಡಿ ಹಿಂದೆಯೇ ನಿಲ್ಲಿಸಿದರಂತೆ. ಆಡಿದ ಅಷ್ಟೂ ವರ್ಷ ಒಂದೇ ಒಂದು ಸಲವೂ ಚೆಂಡನ್ನು ರಿಂಗಿಗೆ ಎಸೆಯಲು ಬಿಡಲಿಲ್ಲ. "ನಾನೇನು ಕಂಬಾನಾ?" ಅಂತ ಈಗಲೂ ಕೇಳುತ್ತಾರೆ, ನಾವೇ ನಿಲ್ಲಿಸಿದ ಹಾಗೆ.

ಅದಕ್ಕೇ ಅವರ ತಂಡಕ್ಕೆ ಒಂದೇ ನಿಯಮ. ಅಂಗಡಿಯ ಒಳಗೋಡೆಯ ಕಂಬಿಯ ಮೇಲೆ ಏಳು ಹುಡುಗಿಯರ ಹೆಸರಿನ ಚೀಟಿಗಳು ಸಾಲಾಗಿ ಅಂಟಿವೆ. ಪ್ರತಿ ಚೀಟಿಯ ಕೆಳಗೆ ಒಂದು ಹ್ಯಾಂಗರ್, ಅದರಲ್ಲಿ ಒಂದು ಬಿಬ್. ವಾರವಾರ ಬಿಬ್‌ಗಳನ್ನು ಒಗೆದು, ಇಸ್ತ್ರಿ ಮಾಡಿ, ಪ್ರತಿ ಹ್ಯಾಂಗರನ್ನೂ ಒಂದು ಚೀಟಿಯಷ್ಟು ಪಕ್ಕಕ್ಕೆ ಸರಿಸುತ್ತಾರೆ. ಭಾನುವಾರ ಯಾರಿಗೆ ಯಾವುದು ಬಂತೋ ಅವಳು ಆಟ ಮುಗಿಯುವವರೆಗೂ ಅದನ್ನೇ ಆಡಬೇಕು. ಹಿಂದೆ ನಿಂತವಳು ಮುಂದೆ ಬರುತ್ತಾಳೆ, ಮುಂದಿದ್ದವಳು ಹಿಂದೆ ಹೋಗುತ್ತಾಳೆ. ಎರಡು ಮಾತಿಲ್ಲ.

ಇದರಿಂದ ನಾವು ಸೋತ ಪಂದ್ಯಗಳಿಗೆ ಲೆಕ್ಕವಿಲ್ಲ. ಅಪ್ಪ ಅಮ್ಮಂದಿರು ಮುಖ ಊದಿಸಿಕೊಂಡು ಅಂಗಡಿಗೆ ಬರುತ್ತಿದ್ದರು. ಒಬ್ಬರ ಮಗಳಿಗೆ ಓಡಿದರೆ ಸುಸ್ತಂತೆ, ಇನ್ನೊಬ್ಬರ ಮಗಳು ಗೋಲ್ ಹಾಕದಿದ್ದರೆ ಊಟ ಬಿಡುತ್ತಾಳಂತೆ. ಅತ್ತಿಗೆ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. "ಎಲ್ರೂ ಗೋಲ್ ಹಾಕ್ತಾ ನಿಂತ್ರೆ ಚೆಂಡು ತರೋರ್ಯಾರು, ನಿಮ್ಮತ್ತೇನಾ?" ಅಂತ ಕೇಳಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತಿದ್ದರು. ಬುಸ್ಸೆಂದು ಆವಿ ಬರುತ್ತಿತ್ತು. ಬಂದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹೀಗಿರುವಾಗ ಬಂತು ಸುದ್ದಿ. ದೊಡ್ಡ ತಂಡದ ತರಬೇತಿ ಶಿಬಿರಕ್ಕೆ ಹುಡುಗಿಯರನ್ನು ಆರಿಸಲು ಭಾನುವಾರದ ಪಂದ್ಯಕ್ಕೆ ಆಯ್ಕೆಯವರು ಬರುತ್ತಾರೆ. ನಮ್ಮ ಏಣಿಯಂಥ ಶೂಟರ್ ಸುತ್ತಮುತ್ತ ಇರಲಿಲ್ಲ. ಇದು ನಾನು ಸೋದರತ್ತೆ ಅಂತ ಹೇಳುವ ಮಾತಲ್ಲ. ಆ ಶಿಬಿರದ ಕನಸು ಕಾಣುತ್ತಲೇ ಅವಳು ಬೆಳೆದದ್ದು. ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತದೆ. ಆದರೆ ಹ್ಯಾಂಗರಿನ ಸಾಲು ನೋಡಿದರೆ, ಆ ಭಾನುವಾರ ಏಣಿ ಗೋಲ್ ಕೀಪರ್. ಶೂಟರ್ ಬಿಬ್ ಹೋಗುವುದು ಬೇಕರಿಯವರ ಮಗಳಿಗೆ. ಅವಳನ್ನು ಎಲ್ಲರೂ ಮೊಲ ಅನ್ನುತ್ತಿದ್ದರು, ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದಳು. ಏಣಿಯ ಸರದಿ ಅದರ ಮುಂದಿನ ವಾರ.

ರಾತ್ರಿ ಊಟಕ್ಕೆ ಕೂತಾಗ ನಮ್ಮಮ್ಮನೇ ಶುರು ಮಾಡಿದಳು. "ಒಂದೇ ಒಂದು ವಾರ ಹಿಂದೆ ಮುಂದೆ ಮಾಡಿದ್ರೆ ಏನು ಆಕಾಶ ಕಳಚಿ ಬೀಳುತ್ತಾ? ನಿನ್ನ ಹೊಟ್ಟೇಲಿ ಹುಟ್ಟಿದ ಮಗಳು ಕಣೇ ಅವಳು!"

"ಬೇರೆಯೋರ ಮಕ್ಕಳೇನು ಹ್ಯಾಂಗರಿಂದ ಉದುರಿದ್ದಾರಾ ಅತ್ತೆ?" ಅಂದರು ಅತ್ತಿಗೆ.

ಅಣ್ಣ ಮೆಲ್ಲಗೆ, "ಒಂದ್ಸಲ ಯೋಚ್ನೆ ಮಾಡು," ಅಂದ. ನಾನೂ ಅವನ ಪರ ನಿಂತೆ. ಅತ್ತಿಗೆ ತಟ್ಟೆ ತಳ್ಳಿ ಎದ್ದರು. "ಪೈಪಿನಂಗಡಿಯವರ ಮಗಳಿಗೆ ಆಗಲ್ಲ ಅಂದಿದ್ದು ನನ್ನ ಮಗಳಿಗೂ ಆಗಲ್ಲ. ಮುಗೀತು." ಆ ವಾರವಿಡೀ ಏಣಿ ಅಂಗಳದ ಗೋಡೆಗೆ ಚೆಂಡು ಹೊಡೆಯುತ್ತಲೇ ಇದ್ದಳು. ಆ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಅತ್ತಿಗೆ ಪಾತ್ರೆ ತೊಳೆಯುತ್ತಾ ಒಂದೊಂದು ಸಲ ಸುಮ್ಮನೆ ನಿಂತುಬಿಡುತ್ತಿದ್ದರು.

ಶನಿವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಒಳಗೆ ಹೋದೆ. ಅತ್ತಿಗೆ ಕಂಬಿಯ ಮುಂದೆ ನಿಂತಿದ್ದರು. ಹ್ಯಾಂಗರ್‌ಗಳನ್ನು ಎಂದಿನಂತೆ ಸರಿಸಿ ಆಗಿತ್ತು. ಆಮೇಲೆ ಮೊಲದ ಚೀಟಿಯ ಕೆಳಗಿನದನ್ನು ತೆಗೆದು ಏಣಿಯ ಚೀಟಿಯ ಕೆಳಗೆ ಹಾಕಿದರು, ಏಣಿಯದನ್ನು ಮೊಲದ ಕೆಳಗೆ. ತಿರುಗಿದಾಗ ನಾನು ಕಣ್ಣಿಗೆ ಬಿದ್ದೆ.

"ಏನು ಹಾಗೆ ಕಣ್ಣು ಬಿಟ್ಕೊಂಡು ನೋಡ್ತಿದ್ದೀಯ? ಷಟರ್ ಎಳಿ," ಅಂದರು. ಎಳೆದೆ. ನನಗೆ ಖುಷಿಯೇ ಆಯಿತು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತಿಗೆ ನನ್ನ ಮುಖ ನೋಡಲಿಲ್ಲ, ಅದು ಮಾತ್ರ ನನಗೆ ಸೇರಲಿಲ್ಲ.

ಭಾನುವಾರ ಶಾಲೆಯ ಹಿಂದಿನ ಸಿಮೆಂಟು ಅಂಕಣದ ಪಕ್ಕ ಆಯ್ಕೆಯ ಮೇಡಂ ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತಿಗೆ ಬಿಬ್ ಹಂಚಿದರು. ಮೊಲದ ಕೈಗೆ ಗೋಲ್ ಕೀಪರ್ ಬಿಬ್ ಬಂತು. ಮನೆಯಿಂದ ಹೊರಡುವಾಗ ತಾನು ಇವತ್ತು ಶೂಟರ್ ಅಂತ ಬೀದಿಗೆಲ್ಲ ಹೇಳಿ ಬಂದಿದ್ದಳಂತೆ. ಈಗ ಆ ಬಿಬ್ಬನ್ನು ಮಡಚುತ್ತಾ ಬಿಚ್ಚುತ್ತಾ ನಿಂತಳು.

ಏಣಿ ತನ್ನ ಕೈಗೆ ಬಂದ ಶೂಟರ್ ಬಿಬ್ ನೋಡಿದಳು, ಮೊಲವನ್ನು ನೋಡಿದಳು, ತನ್ನಮ್ಮನನ್ನು ನೋಡಿದಳು. "ಇದು ನಂದಲ್ಲ," ಅಂದಳು.

"ಕೊಟ್ಟಿದ್ದು ಹಾಕ್ಕೋ," ಅಂದರು ಅತ್ತಿಗೆ, ಹಲ್ಲು ಕಚ್ಚಿಕೊಂಡು.

"ನನ್ನ ಸರದಿ ಮುಂದಿನ ವಾರ."

"ಮುಂದಿನ ವಾರ ಆ ಮೇಡಂ ಇರಲ್ಲ ಕಣೇ! ನಿನಗೋಸ್ಕರ ಮಾಡಿದ್ದೀನಿ."

"ನನಗೋಸ್ಕರ ಮಾಡ್ಬೇಡ!" ಏಣಿಯ ಗಂಟಲು ಇಡೀ ಅಂಕಣಕ್ಕೆ ಕೇಳಿಸಿತು. ಮೊಲದ ಕೈಯಿಂದ ಬಿಬ್ ಕಿತ್ತುಕೊಂಡು, ತನ್ನದನ್ನು ಅವಳ ಕೊರಳಿಗೆ ತಾನೇ ಹಾಕಿ, ಹಿಂದಿನ ಜಾಗಕ್ಕೆ ಹೋಗಿ ನಿಂತಳು. ಅತ್ತಿಗೆ ಕೂಗಿದರೂ ತಿರುಗಲಿಲ್ಲ. ಹಟದಲ್ಲಿ ತಾಯಿಯನ್ನು ಎರಕ ಹೊಯ್ದ ಹಾಗಿದ್ದಾಳೆ.

ಸೋತೆವು. ಅದೂ ಚೆನ್ನಾಗಿ ಸೋತೆವು. ಮೊಲ ಎಸೆದ ಮೊದಲ ಚೆಂಡುಗಳು ರಿಂಗಿನ ಹತ್ತಿರಕ್ಕೂ ಹೋಗಲಿಲ್ಲ. ಏಣಿ ತನ್ನ ಗೆರೆ ದಾಟುವಂತಿಲ್ಲ, ಆ ತುದಿಯಲ್ಲಿ ನಿಂತು "ಕಣ್ಣು ಬಿಡೇ! ಮತ್ತೆ ಹಾಕು!" ಅಂತ ಅರಚುತ್ತಿದ್ದಳು. ಕೊನೆಕೊನೆಗೆ ಕೆಲವು ಬಿದ್ದವು. ಒಂದೊಂದು ಬಿದ್ದಾಗಲೂ ಬೇಕರಿಯವರು ಶಿಬಿರಕ್ಕೆ ತಾವೇ ಆಯ್ಕೆಯಾದ ಹಾಗೆ ಕುಣಿದರು. ಏಣಿ ಮೈಮೇಲೆ ಬಂದವಳ ಹಾಗೆ ತಡೆದಳು, ಆದರೆ ಅದು ಅವಳ ಜಾಗವಲ್ಲ ಅಂತ ಕುರುಡರಿಗೂ ಕಾಣುವಂತಿತ್ತು.

ಆಟ ಮುಗಿದ ಮೇಲೆ ಮೇಡಂ ಬಂದರು. "ಇಲ್ಲೊಬ್ಬಳು ಒಳ್ಳೇ ಶೂಟರ್ ಇದ್ದಾಳೆ ಅಂತ ಕೇಳಿದ್ವಲ್ಲ, ಯಾರು?"

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಏಣಿ ಮೊಲವನ್ನು ಮುಂದಕ್ಕೆ ತಳ್ಳಿ, "ಇವತ್ತು ಇವಳೇ ಮೇಡಂ," ಅಂದಳು. ಮೇಡಂ ನಕ್ಕು, "ಮುಂದಿನ ವರ್ಷ ನೋಡೋಣ," ಅಂದು ಎದುರು ತಂಡದ ಇಬ್ಬರ ಹೆಸರು ಬರೆದುಕೊಂಡು ಹೋದರು. ಏಣಿಗೆ ಮುಂದಿನ ವರ್ಷ ಅನ್ನುವುದಿರಲಿಲ್ಲ.

ಪೈಪಿನಂಗಡಿಯ ಯಜಮಾನರು ಇದಕ್ಕೇ ಕಾಯುತ್ತಿದ್ದರು. ಎಲ್ಲರಿಗೂ ಕೇಳುವ ಹಾಗೆ, "ಏನಮ್ಮಾ, ನಿಮ್ಮ ಹ್ಯಾಂಗರಿಗೂ ಕಾಲು ಬಂತಂತೆ?" ಅಂದರು.

ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ತಿರುಗಿದರು. "ಕಾಲು ಬರ್ಲಿಲ್ಲ, ನಾನೇ ಸರಿಸಿದ್ದು. ಎಲ್ರೂ ಕೇಳಿಸ್ಕೊಳ್ಳಿ. ಮಗಳ ಆಸೆ ನೋಡಿ ಮನಸ್ಸು ತಡೀಲಿಲ್ಲ, ತಪ್ಪು ಮಾಡ್ದೆ. ಅವಳು ಮಾಡೋಕೆ ಬಿಡ್ಲಿಲ್ಲ. ನಗೋರು ಈಗ್ಲೇ ನಕ್ಕುಬಿಡಿ. ನಿಯಮ ಮಾತ್ರ ಅದೇ ಇರುತ್ತೆ. ಮುಂದಿನ ಭಾನುವಾರ ನಿಮ್ಮ ಮಗಳು ಗೋಲ್ ಕೀಪರ್, ಹೊತ್ತಿಗೆ ಸರಿಯಾಗಿ ಕಳ್ಸಿ." ಯಾರೂ ನಗಲಿಲ್ಲ. ಯಜಮಾನರು ಮಗಳ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತರು.

ಮನೆಗೆ ಹೊರಟೆವು. ಅಣ್ಣ ಓಡಿಸುತ್ತಿದ್ದ, ಅತ್ತಿಗೆ, ಏಣಿ, ನಾನು ಮೂವರೂ ವ್ಯಾನಿನ ಹಿಂಭಾಗದಲ್ಲಿ, ನೇತುಹಾಕಿದ ಕೋಟುಗಳ ನಡುವೆ ಕೂತಿದ್ದೆವು. ವ್ಯಾನು ರಸ್ತೆಗೆ ಬಿದ್ದದ್ದೇ ತಡ, ಏಣಿ ಬಿಕ್ಕಿಬಿಕ್ಕಿ ಅಳತೊಡಗಿದಳು. "ನಂಗೆ ಹೋಗ್ಬೇಕಿತ್ತು. ನಂಗೆ ತುಂಬಾ ಹೋಗ್ಬೇಕಿತ್ತಮ್ಮಾ."

"ಮತ್ತೆ ಕೊಟ್ಟಾಗ ಹಾಕ್ಕೋಬಾರದಿತ್ತಾ?" ಅಂದರು ಅತ್ತಿಗೆ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

ಏಣಿ ತೋಳಿನಿಂದ ಮೂಗು ಒರೆಸಿಕೊಂಡಳು. "ಹಾಕ್ಕೊಂಡಿದ್ರೆ ನಾನು ಹೋಗ್ತಿದ್ದೆ. ನೀನು ಇಲ್ಲೇ ಇರ್ತಿದ್ದೆ, ಅವರೆಲ್ಲರ ಮುಂದೆ ದಿನಾ ತಲೆ ತಗ್ಗಿಸ್ಕೊಂಡು. ನೀನು ಹಾಗೆ ನಿಲ್ಲೋದು ನಂಗೆ ಬೇಡ."